ಗ್ರಹಣಕ್ಕೆ ಹಾಡು ಹಾಕೋರಿಗೆ ಒಂದು ಸಲಹೆ
2027ರ ಆಗಸ್ಟ್ 2ರ ಖಗ್ರಾಸ ಸೂರ್ಯಗ್ರಹಣಕ್ಕೆ ಸೌದಿ ಅರೇಬಿಯಾದ ಜೆಡ್ಡಾ ಕಡೆ ಇರೋರು ಹಾಡಿನ ಸಮಯವನ್ನು ಹಿಂದಿನಿಂದ ಲೆಕ್ಕ ಹಾಕಿ: ಸೂರ್ಯ ಪೂರ್ತಿ ಮುಚ್ಚೋ ಎರಡು ನಿಮಿಷ ಮುಂಚೆ ಖಯಾಲ್‌ನ (ಹಿಂದೂಸ್ತಾನಿ ಗಾಯನದ ಒಂದು ಪ್ರಕಾರ) ದ್ರುತ್, ಅಂದ್ರೆ ಕೊನೆಯ ವೇಗದ ಭಾಗ, ಮುಗೀಬೇಕು, ಆಮೇಲೆ ಏನೂ ಹಾಕಬೇಡಿ. ಮುಕ್ಕಾಲು ಭಾಗ ಮುಚ್ಚೋವರೆಗೂ ಬೆಳಕು ಇಳಿದದ್ದೇ ಗೊತ್ತಾಗಲ್ಲ, ಕೊನೆಗೆ ಸರಸರ ಇಳಿಯುತ್ತೆ. ಖಯಾಲ್ ನಿಧಾನಗತಿಯ ವಿಳಂಬಿತದಿಂದ ದ್ರುತ್‌ಗೆ ಹೋಗೋ ನಡೆಯೂ ಅದೇ. ಮಧ್ಯಾಹ್ನದ ಗ್ರಹಣ, ಹಾಗಾಗಿ ಮಧ್ಯಾಹ್ನದ ರಾಗವಾದ ಸಾರಂಗ್ ಒಪ್ಪುತ್ತೆ. ಕತ್ತಲಾಗೋ ಆ ಆರು ನಿಮಿಷಕ್ಕೆ ಗಲಿಬಿಲಿಗೊಂಡ ಹಕ್ಕಿಗಳು, ಜನರ ಉದ್ಗಾರವೇ ಸಾಕು. ಇಯರ್‌ಫೋನ್ ಬಿಟ್ಟು ಸಣ್ಣ ಸ್ಪೀಕರ್ ತನ್ನಿ. ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ನಡುವೆ ಜಾಹೀರಾತು ಬಂದರೆ ಕೆಟ್ಟಿತು. ಕರ್ನಾಟಕದಲ್ಲಿ ಅವತ್ತು ಪಾರ್ಶ್ವ ಗ್ರಹಣ ಮಾತ್ರ, ಕತ್ತಲಾಗಲ್ಲ, ಈ ಲೆಕ್ಕ ನಡೆಯಲ್ಲ. ಕರ್ನಾಟಕದಲ್ಲಿರೋರು ಗ್ರಹಣದ ಕನ್ನಡಕ ತೆಗೀದೆ ಇಷ್ಟವಾದದ್ದು ಕೇಳಿ.