ಸಾರಿಗೆ ಉಪ್ಪು ಕಮ್ಮಿ ಮಾಡುವುದು ಹೇಗೆ?

ನಮ್ಮ ಮಾವನವರಿಗೆ ಬಿಪಿ ಅಂತ ಗೊತ್ತಾದ ದಿನವೇ ಮನೆಯಲ್ಲಿ ಸಪ್ಪೆ ಸಾರು ಶುರುವಾಯಿತು. ನಾಲ್ಕನೇ ದಿನ ನೋಡಿದರೆ ಅವರ ತಟ್ಟೆಯ ತುದಿಯಲ್ಲಿ ಎರಡು ಮಿಡಿ ಉಪ್ಪಿನಕಾಯಿ, ಪಕ್ಕದಲ್ಲಿ ಹಪ್ಪಳ! ಸಾರಿನಲ್ಲಿ ಉಳಿಸಿದ ಉಪ್ಪೆಲ್ಲ ಅಲ್ಲಿ ಹೋಯಿತು. ಎಷ್ಟೋ ಮನೆಗಳಲ್ಲಿ ಇದೇ ಕತೆ.

ಮೊದಲು ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು. ಅಂದರೆ ತಲೆ ಸವರಿದ ಒಂದು ಟೀ ಚಮಚ. ಬೆಳಗಿನ ಉಪ್ಪಿಟ್ಟಿನಿಂದ ರಾತ್ರಿಯ ಮಜ್ಜಿಗೆವರೆಗೆ ಎಲ್ಲ ಸೇರಿ ಅಷ್ಟೇ. ಹೊಸ ಉಪ್ಪಿನ ಪ್ಯಾಕೆಟ್ ಒಡೆದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ನಾಲ್ಕು ಜನರ ಮನೆಗೆ ಒಂದು ಕಿಲೋ 50 ದಿನಕ್ಕಿಂತ ಜಾಸ್ತಿ ಬರಬೇಕು. ನಮ್ಮಲ್ಲಿ 28 ದಿನಕ್ಕೆ ಡಬ್ಬಿ ಖಾಲಿಯಾಗಿತ್ತು.

ಅನ್ನ, ಮುದ್ದೆ, ಚಪಾತಿ ಹಿಟ್ಟಿಗೆ ಉಪ್ಪೇ ಬೇಡ. ಇದು ಸುಲಭ.

ಎಲ್ಲರೂ ಎಡವುವುದು ಸಾರಿನಲ್ಲಿ. ಒಂದೇ ದಿನ ಉಪ್ಪು ನಿಲ್ಲಿಸಬೇಡಿ. ನೀವು ಕೈಯಲ್ಲಿ ಹಾಕುವ ಉಪ್ಪನ್ನು ಒಮ್ಮೆ ಚಮಚಕ್ಕೆ ಸುರಿದು ನೋಡಿ. ಅದರಲ್ಲಿ ಕಾಲು ಭಾಗ ತೆಗೆಯಿರಿ, ಎರಡು ವಾರ ಅಷ್ಟಕ್ಕೇ ನಿಲ್ಲಿ, ಆಮೇಲೆ ಇನ್ನಷ್ಟು ಇಳಿಸಿ. ನಾಲಿಗೆ ಒಗ್ಗಲು ಕೆಲವು ವಾರ ಬೇಕು. ಬೇಳೆ ಬೇಯಿಸುವಾಗ ಹಾಕಬೇಡಿ, ಕೊನೆಯಲ್ಲಿ ಒಂದೇ ಸಲ ಹಾಕಿ. ಕೊತಕೊತ ಕುದಿಯುವ ಸಾರನ್ನು ಅಂಗೈಗೆ ಬಿಟ್ಟು ರುಚಿ ನೋಡಿದರೆ ಉಪ್ಪು ಕಮ್ಮಿ ಅನ್ನಿಸುತ್ತದೆ, ಕೈ ಮತ್ತೆ ಡಬ್ಬಿಗೆ ಹೋಗುತ್ತದೆ. ಸ್ವಲ್ಪ ಆರಲಿ, ಆಮೇಲೆ ನೋಡಿ.

ಉಪ್ಪು ಇಳಿದಾಗ ಹೆಚ್ಚಿನವರು ಖಾರ ಏರಿಸುತ್ತಾರೆ. ತಪ್ಪು. ಹುಳಿ ಏರಿಸಿ. ಹುಣಸೆಹಣ್ಣು ಸ್ವಲ್ಪ ಜಾಸ್ತಿ, ಬೆಲ್ಲ ಕಮ್ಮಿ; ಒಲೆಯಿಂದ ಇಳಿಸಿದ ಮೇಲೆ ಅರ್ಧ ಹೋಳು ನಿಂಬೆ. ಒಗ್ಗರಣೆ ಕೊನೆಗೇ ಇರಲಿ: ಒಂದು ಚಮಚ ತುಪ್ಪದಲ್ಲಿ ಸಾಸಿವೆ ಸಿಡಿಸಿ, ಜೀರಿಗೆ, ಇಂಗು, ಆಗಷ್ಟೇ ಕುಟ್ಟಿದ ಕಾಳುಮೆಣಸು, ಕರಿಬೇವು. ಚುಂಯ್ ಎಂದು ಸುರಿದ ತಕ್ಷಣ ಮುಚ್ಚಳ ಮುಚ್ಚಿ. ಐದು ನಿಮಿಷ ಬಿಟ್ಟು ತೆಗೆದಾಗ ಏಳುವ ಘಮ ಅರ್ಧ ಉಪ್ಪಿನ ಕೆಲಸ ಮಾಡುತ್ತದೆ.

ಅಂಗಡಿ ಸಾರಿನ ಪುಡಿಯನ್ನು ನಾನಂತೂ ಬಿಟ್ಟಿದ್ದೇನೆ. ಎಷ್ಟೋ ಪುಡಿಗಳಲ್ಲಿ ಉಪ್ಪು ಮೊದಲೇ ಬೆರೆತಿರುತ್ತದೆ. ಪೊಟ್ಟಣದ ಹಿಂದೆ 'ಸೋಡಿಯಂ' (ಉಪ್ಪಿನಲ್ಲಿ ಬಿಪಿ ಏರಿಸುವ ಅಂಶ) ಅಂತ ಇರುತ್ತದೆ ಅಲ್ವಾ, ಆ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. 800 ಮಿಲಿಗ್ರಾಂ ಸೋಡಿಯಂ ಅಂದರೆ 2 ಗ್ರಾಂ ಉಪ್ಪು. ಅಡುಗೆ ಸೋಡಾದಲ್ಲೂ ಸೋಡಿಯಂ ಇದೆ, ಹಾಗಾಗಿ ಬೋಂಡಾ, ಬಜ್ಜಿ ಕೂಡ ಲೆಕ್ಕಕ್ಕೆ ಬರುತ್ತವೆ.

ಗುಲಾಬಿ ಬಣ್ಣದ ಸೈಂಧವ ಲವಣಕ್ಕೆ ಸುಮ್ನೆ ದುಡ್ಡು ಸುರಿಯಬೇಡಿ. ಅದೂ ಬಹುಪಾಲು ಅದೇ ಸೋಡಿಯಂ ಕ್ಲೋರೈಡ್, ಅಂದರೆ ನಮ್ಮ ಮಾಮೂಲಿ ಉಪ್ಪೇ. 'ಲೋ ಸೋಡಿಯಂ' ಉಪ್ಪಿನ ಕತೆ ಬೇರೆ, ಅದರಲ್ಲಿ ಪೊಟ್ಯಾಸಿಯಂ ಬೆರೆಸಿರುತ್ತಾರೆ. ಕಿಡ್ನಿ ತೊಂದರೆ ಇದ್ದವರಿಗೆ, ಕೆಲವು ಬಿಪಿ ಮಾತ್ರೆ ನುಂಗುವವರಿಗೆ ಅದು ಅಪಾಯ. ಡಾಕ್ಟರನ್ನು ಕೇಳದೆ ತರಬೇಡಿ. ಸಪ್ಪೆ ಉಣ್ಣುತ್ತಿದ್ದೇನೆ ಅಂತ ಮಾತ್ರೆಯನ್ನು ನೀವೇ ನಿಲ್ಲಿಸಲೂಬೇಡಿ.

ಕೊನೆಯದಾಗಿ, ಉಪ್ಪಿನಕಾಯಿ ಜಾಡಿಯನ್ನು ಊಟದ ಜಾಗದಿಂದ ಎತ್ತಿ ಅಟ್ಟಕ್ಕಿಡಿ. ಮಾವನವರಿಗೆ ಈಗ ಭಾನುವಾರ ಮಾತ್ರ ಒಂದು ಮಿಡಿ. ಅದನ್ನೇ ತೊಟ್ಟಿನಿಂದ ಶುರುಮಾಡಿ, ಪೇಪರ್ ಓದಿ ಮುಗಿಸುವವರೆಗೂ ಚೀಪುತ್ತಾರೆ.