ಕನ್ನಡ ಓದಿಸೋಕ ಆ್ಯಪ್ ಆರಿಸೋದು ಹೆಂಗ? ನಲಿ-ಕಲಿ ಕ್ಲಾಸಿನಿಂದ ಒಂದಿಷ್ಟು

ನಾನು ಕುಷ್ಟಗಿ ಕಡೆ ಒಂದು ಹಳ್ಳಿ ಶಾಲೆಯಾಗ ನಲಿ-ಕಲಿ (ಸರ್ಕಾರಿ ಶಾಲೆಯಾಗ ಚಟುವಟಿಕೆ ಮಾಡಿಸ್ತಾ ಕಲಿಸೋ ಪದ್ಧತಿ) ತಗೋತೀನಿ, ಒಂದು ಎರಡು ಮೂರು ಮೂರೂ ಕ್ಲಾಸಿನ ಹುಡುಗ್ರು ಒಂದೇ ರೂಮಿನಾಗ. ಹೊಸದಾಗಿ ಬಂದ ಟೀಚರ್‌ಗಳು ಫೋನ್ ಮಾಡಿ "ಮೇಡಮ್ರ, ಓದಿಸೋಕ ಯಾವ ಆ್ಯಪ್ ಚಲೋ ಐತ್ರಿ" ಅಂತ ಕೇಳ್ತಾರ. ನಾನು ತಿರುಗಿ ಕೇಳೋದು, ನಿಮ್ಮ ಹುಡುಗ ಎಲ್ಲಿ ತಡವರಿಸ್ತಾನ ಅಂತ.

ಅದನ್ನ ಕಂಡುಹಿಡಿಯೋಕ ಫೋನ್ ಬೇಕಾಗಿಲ್ಲ, ಒಂದು ಹಾಳಿ ಸಾಕು. ಗರ, ಸರ, ಅರಸ ಹಿಂಗ ಬಿಡಿ ಅಕ್ಷರದ ಪದ ಐದು ಬರೀರಿ, ಕೆಳಗ ಗಾಡಿ, ಕೋಳಿ, ಮೂಗು ಅಂತ ಕಾಗುಣಿತದ್ದು ಐದು, ಅದರ ಕೆಳಗ ಅಕ್ಕ, ಹಟ್ಟಿ, ಬಸ್ಸು ಅಂತ ಒತ್ತಕ್ಷರದ್ದು ಐದು, ಕಡೀಗೆ ಎರಡು ಸಾಲಿನ ಕತಿ. ಒಬ್ಬೊಬ್ಬರನ್ನೇ ಹತ್ರ ಕರೆದು ಓದಿಸ್ರಿ, ಎರಡೇ ನಿಮಿಷ. ಕಾಗುಣಿತದಾಗ ಸಿಕ್ಕಿಬಿದ್ದ ಮಗೂಗೆ ಅಆಇಈ ಹಾಡಿನ ವಿಡಿಯೋ ನೂರು ಸಲ ತೋರಿಸಿದ್ರೂ ಅಲ್ಲೇ ಇರ್ತೈತಿ, ನಾನು ಒಂದು ವರ್ಷ ಹಂಗ ಮಾಡಿ ಕಳಕೊಂಡೀನಿ, ಅದಕ್ಕ ಹೇಳ್ತೀನಿ.

ಇನ್ನು ಆ್ಯಪ್ ಪರೀಕ್ಷೆ ಮಾಡೋದು. ನಲಿ-ಕಲಿಯಾಗ ನಾವು ಶುರು ಮಾಡೋದೇ ರ ಗ ಸ ದ ಅ ದಿಂದ, ಯಾಕಂದ್ರ ಐದು ಅಕ್ಷರ ಬಂದ ಕೂಡ್ಲೇ ಮಗು ಪದ ಓದೋಕ ಶುರು ಮಾಡ್ತೈತಿ. ಬಾಳ ಆ್ಯಪ್‌ಗಳು ವರ್ಣಮಾಲೆ ಸಾಲಿನ ಪ್ರಕಾರ ಹೋಗಿ ಏಳನೇ ಅಕ್ಷರಕ್ಕೇ ಋ ಋಷಿ ತಂದು ನಿಲ್ಲಿಸ್ತಾವ. ಯಾವ ಅಕ್ಷರ ಬೇಕು ಅಂತ ಟೀಚರೇ ಆರಿಸೋ ಹಂಗ ಇದ್ರ ಇಟ್ಕೊಳ್ರಿ, ಇಲ್ಲಾಂದ್ರ ಮುಂದಿನದು ನೋಡ್ರಿ.

ಆಮೇಲೆ ನಮ್ಮ ಊರುಗಳ ಹೆಸರು ಹಾಕಿ ನೋಡ್ರಿ: ಕೊಪ್ಪಳ, ಬಳ್ಳಾರಿ, ಸಿಂಧನೂರು, ಕುಷ್ಟಗಿ, ಯಲಬುರ್ಗಾ. ಹಳೇ ಟ್ಯಾಬ್‌ನಾಗ ಒತ್ತಕ್ಷರ ಕೆಳಗ ಕೂರದೇ ಪಕ್ಕಕ್ಕ ಜಿಗಿದಿರ್ತೈತಿ, ದೊಡ್ಡವರು ಹೆಂಗೋ ಓದ್ಕೋತೀವಿ, ಮಗು ಅದನ್ನೇ ಕಲೀತೈತಿ. ಓದಿ ಹೇಳೋ ಆ್ಯಪ್ ಆದ್ರ ಬಳ್ಳಾರಿಯ ಳ ಸರಿ ಕೇಳ್ತೈತೋ ಇಲ್ಲೋ ಗಮನಿಸ್ರಿ. ಯಲಬುರ್ಗಾದಾಗ ಇನ್ನೊಂದು ಐತಿ, ರ್ ಬಾಯಾಗ ಮೊದಲು ಬರ್ತೈತಿ, ಬರವಣಿಗೆಯಾಗ ಗಾ ಆದ ಮೇಲೆ ಅರ್ಕಾವತ್ತಾಗಿ ಕೂರ್ತೈತಿ, ಮಕ್ಕಳು "ಯಲಬುಗ್ರಾ" ಅಂತ ಓದೋದು ಅದಕ್ಕ. ಈ ಜಾಗದಾಗ ಟೀಚರ್ ಬೆರಳು ಬೇಕು, ಯಾವ ಆ್ಯಪ್ ಇದ್ರೂ.

ಮಗು ಓದಿದ್ದನ್ನ ಕೇಳಿ ಸರಿ ತಪ್ಪು ಹೇಳೋ ಆ್ಯಪ್ ಬಗ್ಗೆ ಹುಷಾರು. ನಮ್ಮ ಮಕ್ಕಳು ಪುಸ್ತಕದಾಗ "ಮನೆ" ಅಂತಿದ್ರ "ಮನಿ" ಅಂತಾವ, "ಹೋಗುತ್ತಿದ್ದಾನೆ" ನೋಡಿ "ಹೊಂಟಾನ" ಅಂತಾವ. ಅಂದ್ರ ಅರ್ಥ ತಿಳಿದೈತಿ ಅಂತ. ಅಲ್ಲಿ ಕೆಂಪು ಗುರುತು ಬಿದ್ರ ಮಗೂನ ಬಾಯಿ ಮುಚ್ಚಿಹೋಗ್ತೈತಿ, ನನಗ ಅದು ಬಾಳ ಸಂಕಟ ಆಗ್ತೈತಿ. ಮೊದಲು ಓದಲಿ, ಪುಸ್ತಕದ ಉಚ್ಚಾರ ನಿಧಾನಕ್ಕ ತೋರಿಸಬಹುದು.

ಸ್ಪೀಡ್ ಅಳೆಯೋ ಆ್ಯಪೂ ಹಂಗೇ. 2021ರಾಗ ಬಂದ ನಿಪುಣ್ ಭಾರತ ಅನ್ನೋ ಕೇಂದ್ರ ಸರ್ಕಾರದ ಓದು-ಲೆಕ್ಕದ ಯೋಜನೆಯಾಗ ಮೂರನೇ ಕ್ಲಾಸಿಗೆ ನಿಮಿಷಕ್ಕ ಕನಿಷ್ಠ 60 ಪದ ಅಂತ ಗುರಿ ಐತಿ, ಅರ್ಥ ಮಾಡ್ಕೊಂಡು ಓದಬೇಕು ಅಂತಾನೂ ಐತಿ, ಆ ಎರಡನೇದನ್ನ ಎಲ್ಲರೂ ಮರೀತಾರ. ಕನ್ನಡದಾಗ "ಹೊಲದಲ್ಲಿದ್ದವರಿಗೆಲ್ಲ" ಅನ್ನೋದು ಒಂದೇ ಪದ! ಅದಕ್ಕ ಓದಿದ ಮೇಲೆ ಒಂದು ಪ್ರಶ್ನೆ ಕೇಳ್ರಿ, ಟೈಮರ್ ಬದಿಗಿಡ್ರಿ.

ನಾನು ಬಳಸೋದು ಹೇಳ್ಲಾ? ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್, 2015ರಿಂದ ಐತಿ, ಫ್ರೀ, ಕನ್ನಡ ಕತಿ ಸಿಗ್ತಾವ, ಪಿಡಿಎಫ್ ಇಳಿಸ್ಕೋಬಹುದು, ಪ್ರಿಂಟೂ ಹಾಕಬಹುದು. ಬಳ್ಳಾರಿ ಸಿರುಗುಪ್ಪ ಕಡೆಯವರಿಗೆ ಮನ್ಯಾಗ ತೆಲುಗು ಆಡೋ ಮಕ್ಕಳಿರ್ತಾರಲ್ಲ, ಅವರಿಗೆ ತೆಲುಗು ಕತಿನೂ ಅದ್ರಾಗ ಅದಾವ, ಮೊದಲು ಅದನ್ನ ಹೇಳಿ ಆಮೇಲೆ ಕನ್ನಡದ್ದು ಓದಿಸಿದ್ರ ಚಿತ್ರ ನೋಡೇ ಪದ ಹಿಡೀತಾರ. ಕತಿಗಳಿಗೆ ನಾಕು ಮಟ್ಟ ಇಟ್ಟಾರ, ಆದ್ರ ಒಂದನೇ ಮಟ್ಟದಾಗೂ ಒತ್ತಕ್ಷರ ಇರ್ತಾವ, ಹಿಂದಿನ ದಿನ ನೀವೇ ಓದಿ ಆರಿಸ್ರಿ. ಸರ್ಕಾರದ ದೀಕ್ಷಾ ಆ್ಯಪ್‌ನಾಗ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ್ರ ಪಾಠದ ವಿಡಿಯೋ ಬರ್ತಾವ, ಅದು ಓದೋದಲ್ಲ, ನೋಡೋದು. ಪದ ಬಂದಲ್ಲಿ ನಿಲ್ಲಿಸಿ, ಸೌಂಡ್ ತೆಗೆದು, ಮಕ್ಕಳ ಬಾಯಿಂದ ಓದಿಸಿದ್ರ ಮಾತ್ರ ಉಪಯೋಗ.

ಎಲ್ಲಾ ರಾತ್ರೀನೇ ಡೌನ್‌ಲೋಡ್ ಮಾಡಿ ಏರೋಪ್ಲೇನ್ ಮೋಡ್ ಹಾಕಿ ತೆಗೆದು ನೋಡ್ರಿ, ತೆರೀಲಿಲ್ಲಾಂದ್ರ ಕ್ಲಾಸಿನಾಗೂ ತೆರೆಯೋದಿಲ್ಲ. ಒಂದೇ ಫೋನ್ ಇದ್ರ ಸ್ವಕಲಿಕೆ ಗುಂಪಿಗೆ (ಟೀಚರ್ ಇಲ್ಲದೇ ತಾವೇ ಕಲಿಯೋ ಮಕ್ಕಳಿಗೆ) ಕೊಡಬ್ಯಾಡ್ರಿ, ನಿಮ್ಮ ಜೋಡಿ ಕೂತ ನಾಕೈದು ಮಕ್ಕಳ ನಡುವ ಇಡ್ರಿ. ಮಗುವಿನ ಫೋಟೋ, ಪೂರ್ತಿ ಹೆಸರು ಕೇಳೋ ಆ್ಯಪ್ ಬ್ಯಾಡ.

ಕಡೀದು, ನನಗ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕ ಬಂದದ್ದು ವಾಟ್ಸಾಪ್. ನಮ್ಮಲ್ಲಿ ಮಕ್ಕಳು ಅವ್ವ ಅಪ್ಪನ ಜೋಡಿ ಬೆಂಗಳೂರಿಗೆ ಗುಳೆ ಹೋಗ್ತಾವ, ತಿಂಗಳುಗಟ್ಟಲೆ ಬರೋದಿಲ್ಲ, ಬಂದಾಗ ಕಲಿತದ್ದೂ ಮರೆತಿರ್ತಾವ. ಹೋದ ವರ್ಷ ಎರಡನೇ ಕ್ಲಾಸಿನ ಒಬ್ಬಾಕಿಗೆ ದಿನಕ್ಕೊಂದು ಪುಟದ ಫೋಟೋ, ಅದನ್ನ ನಾನು ಓದಿದ ವಾಯ್ಸ್ ಮೆಸೇಜ್ ಕಳಿಸಿದೆ, ಅಪ್ಪ ಕೆಲಸದಿಂದ ಬಂದ ಮೇಲೆ ರಾತ್ರಿ ಅಕಿ ಓದಿ ವಾಪಸ್ ಕಳಿಸೋಳು, ಹಿಂದ ಕಾಂಕ್ರೀಟ್ ಮಿಕ್ಸರ್ ಮಷೀನ್ ಸದ್ದು. ನೀವೂ ಮಾಡ್ರಿ: ಒಂದು ನಿಮಿಷ ದಾಟಬಾರದು, ನಿಧಾನ ಓದ್ರಿ, ಪ್ರತಿ ಸಾಲು ಮುಗಿದಾಗ ಮಗು ತಾನೂ ಓದೋಕ ಸ್ವಲ್ಪ ಖಾಲಿ ಬಿಡ್ರಿ, ಶುರುವಿಗೆ ಮಗುವಿನ ಹೆಸರು ಹಿಡಿದು ಕರೀರಿ.