ಶಿಕಾಗೋ: ಮೊದಲು ಮನೆ ನಂಬರಿನ ಲೆಕ್ಕ, ಆಮೇಲೆ ಊರು

ಶಿಕಾಗೋಗೆ ಬರುವ ನೆಂಟರಿಷ್ಟರಿಗೆ ನಾನು ಮೊದಲು ಹೇಳಿಕೊಡುವುದು ವಿಳಾಸ ಓದುವ ಲೆಕ್ಕ. ಅದು ಕೈಗೆ ಹತ್ತಿದರೆ ಫೋನಿನ ಬ್ಯಾಟರಿ ಮುಗಿದರೂ ಈ ಊರಲ್ಲಿ ದಾರಿ ಕಂಡುಕೊಳ್ಳಬಹುದು.

ಸ್ಟೇಟ್ ಸ್ಟ್ರೀಟ್ ಮತ್ತು ಮ್ಯಾಡಿಸನ್ ಸ್ಟ್ರೀಟ್ ಕೂಡುವ ಜಾಗವೇ ಸೊನ್ನೆ. ಅಲ್ಲಿಂದ ನಾಲ್ಕು ದಿಕ್ಕಿಗೂ ನಂಬರು ಏರುತ್ತ ಹೋಗುತ್ತದೆ, ಒಂದು ಮೈಲಿಗೆ 800ರಂತೆ. ಹಾಗಾಗಿ ‘3200 ನಾರ್ತ್’ ಅಂದರೆ ಮ್ಯಾಡಿಸನ್‌ನಿಂದ ಉತ್ತರಕ್ಕೆ ನಾಲ್ಕು ಮೈಲಿ. ರಸ್ತೆಯ ಉತ್ತರ ಮತ್ತು ಪಶ್ಚಿಮ ಬದಿಯಲ್ಲಿ ಸಮಸಂಖ್ಯೆ, ದಕ್ಷಿಣ ಮತ್ತು ಪೂರ್ವ ಬದಿಯಲ್ಲಿ ಬೆಸಸಂಖ್ಯೆ. ಜಯನಗರದ ಮೇನ್, ಕ್ರಾಸ್ ನೋಡಿಕೊಂಡು ಓಡಾಡಿದವರಿಗೆ ಇದು ಬೇಗ ಹಿಡಿಯುತ್ತದೆ. ಇಲ್ಲಿ ಇನ್ನೊಂದು ಅನುಕೂಲವೂ ಇದೆ, ನಂಬರೇ ದೂರವನ್ನೂ ಹೇಳಿಬಿಡುತ್ತದೆ. ಎಡ್ವರ್ಡ್ ಬ್ರೆನನ್ ಎಂಬಾತ ವರ್ಷಗಟ್ಟಲೆ ಪಟ್ಟುಹಿಡಿದ ಮೇಲೆ 1909ರಲ್ಲಿ ಈ ಪದ್ಧತಿ ಜಾರಿಗೆ ಬಂತು. ನಗರದ ನಡುಭಾಗಕ್ಕೆ ಬಂದದ್ದು 1911ರಲ್ಲಿ.

ಮಿಶಿಗನ್ ಅವೆನ್ಯೂದಲ್ಲಿ ಇದನ್ನು ಪರೀಕ್ಷೆ ಮಾಡಿ. 1871ರ ಮಹಾ ಬೆಂಕಿಯಲ್ಲಿ ಉಳಿದುಕೊಂಡ ಹಳೆಯ ವಾಟರ್ ಟವರ್ 806 ನಾರ್ತ್‌ನಲ್ಲಿದೆ. ಹ್ಯಾನ್‌ಕಾಕ್ ಗೋಪುರದ ಈಗಿನ ಹೆಸರು ಅದರ ವಿಳಾಸವೇ, 875 ನಾರ್ತ್ ಮಿಶಿಗನ್. ಎರಡೂ ಮ್ಯಾಡಿಸನ್‌ನಿಂದ ಒಂದು ಮೈಲಿ ಚಿಲ್ಲರೆ ದೂರ. ಸಮಸಂಖ್ಯೆಯ ಮೊದಲನೆಯದು ರಸ್ತೆಯ ಪಶ್ಚಿಮ ಬದಿಗೆ, ಬೆಸಸಂಖ್ಯೆಯ ಎರಡನೆಯದು ಪೂರ್ವ ಬದಿಗೆ.

ಮೈಲಿಗೊಂದರಂತೆ ಬರುವ ದೊಡ್ಡ ರಸ್ತೆಗಳನ್ನು ಬಾಯಿಪಾಠ ಮಾಡಿಕೊಳ್ಳುವುದು ಒಳ್ಳೆಯದು. ಉತ್ತರಕ್ಕೆ ಶಿಕಾಗೋ ಅವೆನ್ಯೂ 800, ನಾರ್ತ್ ಅವೆನ್ಯೂ 1600, ಫುಲರ್‌ಟನ್ 2400, ಬೆಲ್ಮಾಂಟ್ 3200, ಅರ್ವಿಂಗ್ ಪಾರ್ಕ್ 4000. ಪಶ್ಚಿಮಕ್ಕೆ ಹಾಲ್ಸ್‌ಟೆಡ್ 800, ಆ್ಯಶ್‌ಲ್ಯಾಂಡ್ 1600, ವೆಸ್ಟರ್ನ್ 2400. ದಕ್ಷಿಣದಲ್ಲಿ ರಸ್ತೆಗಳ ಹೆಸರೇ ಅಂಕಿ, ಆದರೆ ಮೊದಲ ಮೂರು ಮೈಲಿಗೆ ಲೆಕ್ಕ ಬೇರೆ: ಒಂದನೇ ಮೈಲಿಗೆ ರೂಸ್‌ವೆಲ್ಟ್ ರೋಡ್ 1200, ಎರಡನೆಯದಕ್ಕೆ ಸರ್ಮ್ಯಾಕ್ 2200, ಮೂರನೆಯದಕ್ಕೆ 31ನೇ ಸ್ಟ್ರೀಟ್. ಅಲ್ಲಿಂದ ಮುಂದೆ ಮತ್ತೆ 800. ಜನ ಎಡವುವುದು ಓರೆಯಾಗಿ ಹಾಯುವ ಮಿಲ್ವಾಕೀ, ಲಿಂಕನ್, ಆರ್ಚರ್‌ನಂಥ ರಸ್ತೆಗಳಲ್ಲಿ. ಡೇಮನ್, ನಾರ್ತ್, ಮಿಲ್ವಾಕೀ ಮೂರೂ ಸೇರುವಲ್ಲಿ ಆರು ಮೂಲೆಗಳಿವೆ. ರೈಲಿಳಿದು ಹೊರಬಂದ ಕೂಡಲೇ ಹೆಜ್ಜೆ ಹಾಕಬೇಡಿ, ಹಸಿರು ಫಲಕದಲ್ಲಿ ರಸ್ತೆ ಹೆಸರು ಓದಿ, ಎರಡು ಬಾಗಿಲ ನಂಬರು ನೋಡಿ, ಏರುತ್ತಿದೆಯೋ ಇಳಿಯುತ್ತಿದೆಯೋ ಗಮನಿಸಿ ಹೊರಡಿ.

ಇಲ್ಲಿನ ಮೆಟ್ರೋವನ್ನು ಎಲ್ಲರೂ ಕರೆಯುವುದು ‘ಎಲ್’ ಎಂದು. ಅಂತರರಾಷ್ಟ್ರೀಯ ವಿಮಾನಗಳು ಹೆಚ್ಚಾಗಿ ಇಳಿಯುವ ಒಹೇರ್ ವಿಮಾನ ನಿಲ್ದಾಣದ ಟರ್ಮಿನಲ್ 5ರಲ್ಲಿ ಬ್ಲೂ ಲೈನ್ ಸಿಗುವುದಿಲ್ಲ. ಟರ್ಮಿನಲ್‌ಗಳ ನಡುವೆ ಓಡುವ ಉಚಿತ ರೈಲು ಹತ್ತಿ ಟರ್ಮಿನಲ್ 2ರಲ್ಲಿ ಇಳಿದು, ನೆಲದಡಿಯ ದಾರಿಯಲ್ಲಿ ನಡೆದು ಹೋಗಬೇಕು. ಬ್ಲೂ ಮತ್ತು ರೆಡ್ ಎರಡು ಲೈನ್‌ಗಳು ಮಾತ್ರ ದಿನದ 24 ಗಂಟೆಯೂ ಓಡುತ್ತವೆ. ಒಹೇರ್‌ನಲ್ಲಿ ಹತ್ತಿದರೆ ಟಿಕೆಟ್ ದರ ಹೆಚ್ಚು, ಊರೊಳಗಿಂದ ಒಹೇರ್‌ಗೆ ಹೋಗುವಾಗ ಮಾಮೂಲಿ ದರ. ವೆಂಟ್ರಾ ಕಾರ್ಡ್ ಮಾಡಿಸಿಕೊಂಡರೆ ರೈಲು, ಬಸ್ಸು ಎರಡಕ್ಕೂ ನಡೆಯುತ್ತದೆ.

ಹೊಸಬರು ಮೋಸಹೋಗುವುದು ನಿಲ್ದಾಣದ ಹೆಸರುಗಳಲ್ಲಿ. ಅಡ್ಡ ಹಾಯುವ ರಸ್ತೆಯ ಹೆಸರನ್ನೇ ನಿಲ್ದಾಣಕ್ಕೂ ಇಟ್ಟಿರುವುದರಿಂದ ‘ವೆಸ್ಟರ್ನ್’ ಎಂಬ ನಿಲ್ದಾಣ ಒಟ್ಟು ಐದಿವೆ: ಬ್ರೌನ್, ಆರೆಂಜ್, ಪಿಂಕ್‌ನಲ್ಲಿ ಒಂದೊಂದು, ಬ್ಲೂ ಲೈನ್ ಒಂದರಲ್ಲೇ ಎರಡು, ಅವೂ ಬೇರೆ ಬೇರೆ ಕವಲಿನಲ್ಲಿ. ‘ವೆಸ್ಟರ್ನ್‌ನಲ್ಲಿ ಸಿಗೋಣ’ ಎಂದು ಯಾರಿಗೂ ಹೇಳಬೇಡಿ. ಬಣ್ಣ ಹೇಳಿ, ಬ್ಲೂ ಆದರೆ ಒಹೇರ್ ಕಡೆಯದೋ ಫಾರೆಸ್ಟ್ ಪಾರ್ಕ್ ಕಡೆಯದೋ ಅದನ್ನೂ ಹೇಳಿ.

ಊರಿನ ಅಂದಾಜು ಸಿಗಬೇಕಾದರೆ ಬ್ರೌನ್ ಲೈನನ್ನು ಕೊನೆಯ ನಿಲ್ದಾಣ ಕಿಂಬಾಲ್‌ನಿಂದ ಹತ್ತಿ ಪೂರ್ತಿ ಕೂತು ಬನ್ನಿ. ಹಿತ್ತಿಲುಗಳ ಪಕ್ಕದಲ್ಲೇ ಸಾಗುವ ರೈಲು ವೆಲ್ಸ್ ಸ್ಟ್ರೀಟಿನ ಸೇತುವೆಯಲ್ಲಿ ನದಿ ದಾಟಿ, ನಗರದ ನಡುಭಾಗವನ್ನು ಸುತ್ತುವ, 1897ರಲ್ಲಿ ಪೂರ್ಣಗೊಂಡ ಲೂಪ್ ಕಂಬಿಗಳ ಮೇಲೆ ಅಪ್ರದಕ್ಷಿಣವಾಗಿ ತಿರುಗುತ್ತದೆ. ಆರೆಂಜ್, ಪಿಂಕ್ ಪ್ರದಕ್ಷಿಣವಾಗಿ ಹೋಗುತ್ತವೆ. ಇದು ಗೊತ್ತಿಲ್ಲದೆ ಹತ್ತಿದರೆ ಎರಡೇ ನಿಲ್ದಾಣ ಆಚೆ ಇಳಿಯಬೇಕಾದವರು ಇಡೀ ಸುತ್ತು ಹೊಡೆಯುತ್ತಾರೆ. ಕಂಬಿ ಮೊದಲ ಮಹಡಿಯ ಎತ್ತರದಲ್ಲಿರುವುದರಿಂದ ಹಳೆಯ ಕಟ್ಟಡಗಳ ಕೆತ್ತನೆ ಕಣ್ಣಿಗೆ ನೇರ ಸಿಗುತ್ತದೆ. ದುಡ್ಡು ಕೊಟ್ಟು ಹತ್ತುವ ಯಾವ ಪ್ರವಾಸಿ ಬಸ್ಸಿನಿಂದಲೂ ಇಷ್ಟು ಚೆನ್ನಾಗಿ ಕಾಣುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಲೂಪಿನ ದಕ್ಷಿಣ ಅಂಚಿನ ಲೈಬ್ರರಿ ನಿಲ್ದಾಣದಲ್ಲಿ ಇಳಿದು ಜ್ಯಾಕ್ಸನ್ ಮತ್ತು ಡಿಯರ್‌ಬಾರ್ನ್ ಕೂಡುವಲ್ಲಿರುವ ಮೊನಾಡ್‌ನಾಕ್ ಕಟ್ಟಡಕ್ಕೆ ಹೋಗಿ. ಗಗನಚುಂಬಿಗಳ ಚರಿತ್ರೆಯನ್ನು ಇಲ್ಲಿ ಕೈಯಿಂದ ಮುಟ್ಟಿ ತಿಳಿಯಬಹುದು. ಉತ್ತರದ ಅರ್ಧ 1891ರದು, ಹದಿನಾರು ಮಹಡಿಯ ಭಾರವನ್ನು ಇಟ್ಟಿಗೆ ಗೋಡೆಯೇ ಹೊತ್ತಿದೆ, ಅದಕ್ಕೇ ಬುಡದಲ್ಲಿ ಗೋಡೆಯ ದಪ್ಪ ಆರು ಅಡಿ. ದಕ್ಷಿಣದ ಅರ್ಧ 1893ರದು, ಉಕ್ಕಿನ ಚೌಕಟ್ಟಿನದು, ಗೋಡೆ ತೆಳ್ಳಗಿದೆ, ಕಿಟಕಿ ಅಗಲವಾಗಿದೆ. ಡಿಯರ್‌ಬಾರ್ನ್ ಉದ್ದಕ್ಕೂ ನಡೆದು ಎರಡನ್ನೂ ಹೋಲಿಸಿ.

ಅಲ್ಲಿಂದ ಪಶ್ಚಿಮಕ್ಕೆ ಸ್ವಲ್ಪ ನಡೆದರೆ 110 ಮಹಡಿಯ ವಿಲ್ಲಿಸ್ ಟವರ್, ಹಳೆಯ ಹೆಸರು ಸಿಯರ್ಸ್ ಟವರ್. ಇದರ ಎಂಜಿನಿಯರ್ ಢಾಕಾದಲ್ಲಿ ಹುಟ್ಟಿದ ಫಜ್ಲುರ್ ರಹಮಾನ್ ಖಾನ್. ಒಂಬತ್ತು ಚೌಕ ಕೊಳವೆಗಳನ್ನು ಕಟ್ಟಾಗಿ ಜೋಡಿಸಿದ ರಚನೆ, ಗಾಳಿಯ ಒತ್ತಡವನ್ನು ಎಲ್ಲವೂ ಸೇರಿ ತಡೆಯುತ್ತವೆ. ಎರಡು ಕೊಳವೆ 50ನೇ ಮಹಡಿಗೆ ನಿಲ್ಲುತ್ತವೆ, ಎರಡು 66ಕ್ಕೆ, ಮೂರು 90ಕ್ಕೆ, ಉಳಿದೆರಡು ತುದಿ ಮುಟ್ಟುತ್ತವೆ. ಒಂದೆರಡು ಬ್ಲಾಕ್ ದೂರ ನಿಂತರೆ ಈ ಮೆಟ್ಟಿಲುಗಳನ್ನು ಎಣಿಸಬಹುದು. 103ನೇ ಮಹಡಿಗೆ ಟಿಕೆಟ್ ತೆಗೆಯುವ ಮುನ್ನ ಕತ್ತೆತ್ತಿ ನೋಡಿ. ತುದಿ ಮೋಡದಲ್ಲಿ ಮುಚ್ಚಿದ್ದರೆ ಮೇಲೆ ಕಾಣುವುದು ಬರೀ ಬಿಳುಪು.

ನದಿಯಂಚಿನ ವ್ಯಾಕರ್ ಡ್ರೈವ್ ಬಗ್ಗೆ ಒಂದು ಎಚ್ಚರ. ಇದು ಒಂದರ ಕೆಳಗೊಂದು ಇರುವ ರಸ್ತೆ, ಕೆಳಗಿನದರಲ್ಲಿ ಜಿಪಿಎಸ್ ಕೈಕೊಡುತ್ತದೆ. ಟ್ಯಾಕ್ಸಿ ಕರೆಯುವಾಗ ನೀವು ಮೇಲಿದ್ದು ಚಾಲಕ ಕೆಳಗೆ ಬಂದು ಕಾಯುವುದು ಸಾಮಾನ್ಯ. ಒಂದು ಬ್ಲಾಕ್ ಒಳಗೆ ನಡೆದು ಕರೆದರೆ ತೊಂದರೆಯಿಲ್ಲ. ನದಿಯ ಕಟ್ಟಡಗಳನ್ನು ನೋಡಲು ಆರ್ಕಿಟೆಕ್ಚರ್ ಸೆಂಟರ್‌ನ ಒಂದೂವರೆ ಗಂಟೆಯ ದೋಣಿಯಾನ ದುಬಾರಿಯಾದರೂ ಸಾರ್ಥಕ. ಮೇಲಿನ ಅಟ್ಟದಲ್ಲಿ ನೆರಳಿಲ್ಲ, ಬೇಸಿಗೆಯಲ್ಲಿ ಟೋಪಿ ಬೇಕು, ಏಪ್ರಿಲ್‌ನಲ್ಲಿ ದಪ್ಪ ಜಾಕೆಟ್ ಬೇಕು. ಊರಿನ ಕೊಳಚೆಯು, ಕುಡಿಯುವ ನೀರು ಕೊಡುವ ಮಿಶಿಗನ್ ಸರೋವರಕ್ಕೆ ಸೇರಬಾರದೆಂದು 1900ರಲ್ಲಿ ಕಾಲುವೆ ತೋಡಿ ಈ ನದಿಯ ಹರಿವನ್ನೇ ಹಿಂದಕ್ಕೆ ತಿರುಗಿಸಿದರು.

ವಿವೇಕಾನಂದರು 1893ರ ಸೆಪ್ಟೆಂಬರ್ 11ರಂದು ಮಾತಾಡಿದ್ದು ಮಿಶಿಗನ್ ಅವೆನ್ಯೂದ ಆರ್ಟ್ ಇನ್‌ಸ್ಟಿಟ್ಯೂಟ್ ಕಟ್ಟಡದಲ್ಲಿ. ಅಂದಿನ ಸಭಾಂಗಣ ತಾತ್ಕಾಲಿಕವಾದದ್ದು, ಈಗಿಲ್ಲ. ಜನ ಫೋಟೊ ತೆಗೆಸಿಕೊಳ್ಳುವ ಫುಲರ್‌ಟನ್ ಹಾಲ್ ಆಮೇಲೆ ಕಟ್ಟಿದ್ದು. ವಾರದ ನಡುವೆ ಈ ಮ್ಯೂಸಿಯಮ್‌ಗೆ ರಜೆ ಇರುತ್ತದೆ, ದಿನ ನೋಡಿಕೊಂಡು ಹೋಗಿ.

ಡೆವನ್ ಅವೆನ್ಯೂಗೆ ಹೋಗುವಾಗ ನಂಬರಿನ ಲೆಕ್ಕ ಮತ್ತೆ ಕೆಲಸಕ್ಕೆ ಬರುತ್ತದೆ. ಡೆವನ್ ಇರುವುದು 6400 ನಾರ್ತ್, ಭಾರತೀಯ ಅಂಗಡಿಗಳು ಶುರುವಾಗುವುದು 2400 ವೆಸ್ಟ್ ಸುಮಾರಿಗೆ. ಬ್ರೌನ್ ಲೈನಿನ ವೆಸ್ಟರ್ನ್ ನಿಲ್ದಾಣ ಹೆಚ್ಚುಕಡಿಮೆ 4600 ನಾರ್ತ್. ವ್ಯತ್ಯಾಸ 1800, ಎರಡು ಕಾಲು ಮೈಲಿ, ನಡೆಯಲು ಹೆಚ್ಚಾಯಿತು, ವೆಸ್ಟರ್ನ್ ಮೇಲೇ ಉತ್ತರಕ್ಕೆ ಹೋಗುವ ಬಸ್ಸು ಹತ್ತಬೇಕು. ಪಟೇಲ್ ಬ್ರದರ್ಸ್‌ನ ಮೊದಲ ಅಂಗಡಿ 1974ರಲ್ಲಿ ತೆರೆದದ್ದು ಇದೇ ಡೆವನ್‌ನಲ್ಲಿ.

ದಕ್ಷಿಣಕ್ಕೆ ಹೈಡ್ ಪಾರ್ಕ್ ತಪ್ಪಿಸಬೇಡಿ. ಅಲ್ಲಿನ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಮೈಸೂರಿನ ಎ.ಕೆ. ರಾಮಾನುಜನ್ 1960ರ ದಶಕದಿಂದ 1993ರಲ್ಲಿ ತೀರಿಕೊಳ್ಳುವವರೆಗೂ ಪಾಠ ಹೇಳಿದರು, ವಚನಗಳನ್ನು ಇಂಗ್ಲಿಷ್ ಓದುಗರಿಗೆ ಮುಟ್ಟಿಸಿದರು. ದಕ್ಷಿಣ ಏಷ್ಯಾ ಭಾಷೆಗಳ ವಿಭಾಗವಿರುವ ಫಾಸ್ಟರ್ ಹಾಲ್ 59ನೇ ಸ್ಟ್ರೀಟಿನಲ್ಲಿದೆ. ಸಮೀಪದಲ್ಲೇ ವಾಸ್ತುಶಿಲ್ಪಿ ಫ್ರ್ಯಾಂಕ್ ಲಾಯ್ಡ್ ರೈಟ್ ಕಟ್ಟಿದ ರೋಬಿ ಹೌಸ್ ಇದೆ, ಒಳಗೆ ಹೋಗಲು ಮುಂಚೆಯೇ ಸಮಯ ಕಾಯ್ದಿರಿಸಬೇಕು. ಮಿಲೇನಿಯಂ ಸ್ಟೇಷನ್‌ನಿಂದ ಹೊರಡುವ ಮೆಟ್ರಾ ಎಲೆಕ್ಟ್ರಿಕ್ ರೈಲು 59ನೇ ಸ್ಟ್ರೀಟಿನಲ್ಲೇ ನಿಲ್ಲುತ್ತದೆ. ಮೆಟ್ರಾ ಉಪನಗರ ರೈಲು ನಡೆಸುವ ಬೇರೆ ಸಂಸ್ಥೆ, ವೆಂಟ್ರಾ ಕಾರ್ಡ್ ತಟ್ಟಿ ಅಲ್ಲಿ ಹತ್ತುವಂತಿಲ್ಲ, ವೆಂಟ್ರಾ ಆ್ಯಪ್‌ನಲ್ಲಿ ಬೇರೆ ಟಿಕೆಟ್ ಕೊಳ್ಳಬೇಕು. ಈ ರೈಲು ‘ಎಲ್’ನಂತೆ ನಿಮಿಷಗಳ ಅಂತರದಲ್ಲಿ ಬರುವುದಿಲ್ಲ, ಹೊರಡುವ ಮೊದಲೇ ವಾಪಸು ರೈಲಿನ ಸಮಯ ಬರೆದಿಟ್ಟುಕೊಳ್ಳಿ.